ಇಟಲಿಯ ಬಾರಿಯಲ್ಲಿದ್ದುಕೊಂಡು ಒಂದು ದಿನದ ಓಡಾಟ: ಹೋಗಿ ಬಂದವರು ಹೇಳಿದ್ದು

ಕೇಳಿದವರು:

ನಮಸ್ಕಾರ. ಯಜಮಾನರ ಕೆಲಸದ ಮೇಲೆ ಜನವರಿಯಲ್ಲಿ ದಕ್ಷಿಣ ಇಟಲಿಯ ಬಾರಿ ಪಟ್ಟಣಕ್ಕೆ ಬಂದಿದ್ದೇವೆ. ಎರಡು ವರ್ಷ ಇರುತ್ತೇವೆ. ಕಾರಿಲ್ಲ. ಮಗಳಿಗೆ ಏಳು ವರ್ಷ. ಏಪ್ರಿಲ್‌ನಲ್ಲಿ ಹಾವೇರಿಯಿಂದ ಅತ್ತೆ ಬರುತ್ತಾರೆ, ಅವರಿಗೆ ಮಂಡಿನೋವು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವಂಥ ಜಾಗ ಯಾವುವು? ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಅದು ಬೇಡ. ಹೋಗಿ ಬಂದವರು ಹೇಳಿ.

ಬಾರಿಯಲ್ಲಿ ನಾಲ್ಕು ವರ್ಷ ಸಂಸಾರ ಮಾಡಿ ಈಗ ಮೈಸೂರಲ್ಲಿರುವವಳು:

ಮೊದಲನೇ ಮಾತು, ಎಲ್ಲಿಗೆ ಹೋಗುವುದು ಅಂತ ಮ್ಯಾಪ್ ನೋಡಿ ತೀರ್ಮಾನ ಮಾಡಬೇಡಿ. ರೈಲಿನ ಟೈಮ್‌ಟೇಬಲ್ ನೋಡಿ, ಗಡಿಯಾರ ನೋಡಿ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಅಂಗಡಿ, ಚರ್ಚು ಎಲ್ಲ ಬಾಗಿಲು ಹಾಕುತ್ತವೆ, ಮತ್ತೆ ತೆಗೆಯುವುದು ನಾಲ್ಕೂವರೆ ಐದಕ್ಕೆ. ನಾವು ಮೊದಲ ಆರು ತಿಂಗಳು ಮನೆಯಲ್ಲಿ ನಿಧಾನವಾಗಿ ತಿಂಡಿ ತಿಂದು, ಹತ್ತೂವರೆ ರೈಲು ಹಿಡಿದು, ಊರು ಮುಟ್ಟುವಷ್ಟರಲ್ಲಿ ಬೀದಿಯೆಲ್ಲ ಖಾಲಿಯಾಗಿ, ಮಗುವನ್ನು ಕಟ್ಟಿಕೊಂಡು ಬಿಸಿಲಲ್ಲಿ ಕೂತಿದ್ದೇ ಜಾಸ್ತಿ. ಎರಡು ಆಯ್ಕೆ ಇಟ್ಟುಕೊಳ್ಳಿ. ಎಂಟು ಗಂಟೆಯೊಳಗೆ ರೈಲು ಹತ್ತಿ ಊಟದ ಹೊತ್ತಿಗೆ ನೋಡುವುದೆಲ್ಲ ಮುಗಿಸಿ. ಇಲ್ಲವಾ, ಮನೆಯಲ್ಲೇ ಊಟ ಮಾಡಿ ಮೂರಕ್ಕೆ ಹೊರಟು, ಸಂಜೆ ಜನ ಎಲ್ಲ ಬೀದಿಗೆ ಇಳಿದು ತಿರುಗಾಡುವಾಗ ನೀವೂ ತಿರುಗಾಡಿ. ನನಗೆ ಎರಡನೆಯದೇ ಇಷ್ಟ. ಆ ಹೊತ್ತಲ್ಲಿ ಅಜ್ಜ ಅಜ್ಜಿಯರು ಚೌಕದ ಬೆಂಚುಗಳ ಮೇಲೆ ಕೂತಿರುತ್ತಾರೆ, ಮಕ್ಕಳು ಚೆಂಡು ಒದೆಯುತ್ತಿರುತ್ತವೆ. ನಿಮ್ಮ ಮಗಳಿಗೆ ಆಟಕ್ಕೆ ಜೊತೆ ಸಿಗುತ್ತದೆ, ಅತ್ತೆಯವರಿಗೆ ಕೂರಲು ಜಾಗ ಸಿಗುತ್ತದೆ.

ಶುರು ಮಾಡುವುದಕ್ಕೆ ಪೊಲಿನ್ಯಾನೊ ಆ ಮಾರೆ ಒಳ್ಳೆಯದು. ಲೆಚ್ಚೆ ಕಡೆಯ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ಅಷ್ಟೆ. ಬಂಡೆಯ ಅಂಚಿನವರೆಗೂ ಮನೆಗಳು, ಕೆಳಗೆ ಎರಡು ಬಂಡೆಗಳ ನಡುವೆ ಚಿಕ್ಕ ಬೀಚು. ಅಲ್ಲಿ ಮರಳಿಲ್ಲ, ಬಿಳಿ ಉರುಟುಕಲ್ಲು, ಬರಿಗಾಲಲ್ಲಿ ಆಗುವುದಿಲ್ಲ, ಮಗಳಿಗೆ ನೀರಲ್ಲಿ ಹಾಕುವ ಚಪ್ಪಲಿ ತನ್ನಿ. ಅತ್ತೆಯವರು ಮೇಲಿನ ಸೇತುವೆ ಹತ್ತಿರವೇ ನಿಂತು ನೋಡಬಹುದು. ಬಾರಿಯಿಂದ ಉತ್ತರಕ್ಕೆ ತ್ರಾನಿ, ಅದೂ ಹತ್ತಿರವೇ. ಅಲ್ಲಿನ ದೊಡ್ಡ ಚರ್ಚು ನೇರವಾಗಿ ಸಮುದ್ರದ ದಂಡೆಯ ಮೇಲೆ ನಿಂತಿದೆ, ಸಂಜೆ ಬಿಸಿಲಿಗೆ ಅದರ ತೆಳು ಬಣ್ಣದ ಕಲ್ಲು ಕೆಂಪಗೆ ತಿರುಗುತ್ತದೆ. ಆರು ಸಲ ಹೋಗಿದ್ದೇನೆ, ಇನ್ನೂ ಹೋಗಬೇಕು ಅನಿಸುತ್ತದೆ.

ಅಲ್ಬೆರೊಬೆಲ್ಲೊಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ. ಗಾರೆ ಹಾಕದೆ ಬರೀ ಕಲ್ಲು ಜೋಡಿಸಿ ಕಟ್ಟಿದ ಮನೆಗಳು, ಮೇಲೆ ಮೊನಚಾದ ಕಲ್ಲಿನ ಛಾವಣಿ, ಟ್ರುಲ್ಲೊ ಅನ್ನುತ್ತಾರೆ. ಹೊಸ ಊರು ಎದ್ದರೆ ನಾಪೋಲಿಯ (ನೇಪಲ್ಸ್) ರಾಜನಿಗೆ ತೆರಿಗೆ ಕಟ್ಟಬೇಕಿತ್ತಂತೆ, ಅದಕ್ಕೆ ಅಲ್ಲಿನ ಪಾಳೇಗಾರ ಬೇಕಾದಾಗ ಕೆಡವುವಂತೆ ಹೀಗೆ ಕಟ್ಟಿಸಿದ ಅಂತ ಅಲ್ಲಿಯವರು ಹೇಳುತ್ತಾರೆ. 1797ರಲ್ಲಿ ರಾಜ ಆ ಊರನ್ನು ಪಾಳೇಗಾರನ ಕೈಯಿಂದ ಬಿಡಿಸಿದ. ಪ್ರವಾಸಿಗಳೆಲ್ಲ ರಿಯೋನೆ ಮೊಂತಿ ಅನ್ನೋ ಗುಡ್ಡದ ಬೀದಿಗೆ ನುಗ್ಗುತ್ತಾರೆ, ಅಲ್ಲಿ ಮನೆಗಿಂತ ಅಂಗಡಿಯೇ ಜಾಸ್ತಿ. ಎದುರಿನ ಆಯಾ ಪಿಕ್ಕೊಲಾ ಕಡೆ ಬನ್ನಿ. ಅಲ್ಲಿ ಇನ್ನೂ ಜನ ವಾಸ ಇದ್ದಾರೆ, ಹೊರಗೆ ಬಟ್ಟೆ ಒಣಗುತ್ತಿರುತ್ತದೆ, ಯಾರೋ ಈರುಳ್ಳಿ ಹುರಿಯುವ ವಾಸನೆ ಬರುತ್ತದೆ. ಅದೇ ರೈಲಿನಲ್ಲಿ ಮುಂದೆ ಹೋದರೆ ಲೊಕೊರೊತೊಂದೊ. ಗುಂಡಗಿನ ಊರು, ಬಿಳಿ ಗೋಡೆ, ಕಿಟಕಿ ತುಂಬ ಹೂವು, ಜನ ಕಡಿಮೆ. ಎರಡೂ ಸೇರಿ ಒಂದು ದಿನ. ಮೂರನೆಯದನ್ನು ಸೇರಿಸಲು ಹೋಗಬೇಡಿ. ಈ ದಾರಿಯ ರೈಲು ಸ್ಟೇಷನ್ನಿನ ಹಿಂಭಾಗದ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ. ನಾವಿದ್ದಾಗ ಕೆಲವು ಕಡೆ ಹಳಿ ರಿಪೇರಿ ಅಂತ ಬಸ್ಸಿಗೆ ಹತ್ತಿಸುತ್ತಿದ್ದರು, ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಲೆಚ್ಚೆಯಲ್ಲಿ ಓದುತ್ತಿರುವವನು:

ಅಕ್ಕ ಹೇಳಿದ್ದಕ್ಕೆ ಟಿಕೆಟ್ಟಿನ ವಿಷಯ ಸೇರಿಸುತ್ತೇನೆ, ಇದರಲ್ಲಿ ನಾನು ದಂಡ ಕಟ್ಟಿದ್ದೇನೆ. ಲೋಕಲ್ ರೈಲಿನ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತುವ ಮುಂಚೆ ಸ್ಟೇಷನ್ನಿನಲ್ಲಿರುವ ಚಿಕ್ಕ ಮಷೀನಿಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಫೋನಿನಲ್ಲಿ ಕೊಂಡರೆ ರೈಲು ಹತ್ತುವ ಮೊದಲು ಚೆಕ್-ಇನ್ ಒತ್ತಬೇಕು. ಊರೊಳಗಿನ ಬಸ್ ಟಿಕೆಟ್ಟನ್ನು ಮೊದಲೇ ಕೊಂಡಿಟ್ಟುಕೊಳ್ಳಿ, ಹೊರಗೆ ದೊಡ್ಡ ಟಿ ಅಕ್ಷರದ ಬೋರ್ಡು ಇರುವ ತಬಾಕ್ಕಿ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನು ಶೋಪೆರೊ, ಅಂದರೆ ಮುಷ್ಕರ. ಎಷ್ಟೋ ಸಲ ಶುಕ್ರವಾರವೇ ಬರುತ್ತದೆ, ಆದರೆ ಮೊದಲೇ ತಿಳಿಸುತ್ತಾರೆ. ವಾರದ ದಿನ ಮುಷ್ಕರ ಇದ್ದರೂ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಗೊತ್ತಾದ ಕೆಲವು ರೈಲು ಓಡಿಸಲೇಬೇಕು ಅನ್ನೋ ನಿಯಮ ಇದೆ.

ನಮ್ಮ ಲೆಚ್ಚೆಗೂ ಒಂದು ದಿನ ಬನ್ನಿ, ಒಂದೂವರೆ ಎರಡು ಗಂಟೆ ದಾರಿ. ಇಲ್ಲಿನ ಕಲ್ಲು ಮೆದು, ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಸಿಗುತ್ತದೆ, ಆಮೇಲೆ ಗಾಳಿಗೆ ಗಟ್ಟಿಯಾಗುತ್ತದೆ. ಅದಕ್ಕೇ ಸಾಂತಾ ಕ್ರೋಚೆ ಚರ್ಚಿನ ಮುಖದ ಮೇಲೆ ಒಂದಂಗುಲ ಖಾಲಿ ಬಿಟ್ಟಿಲ್ಲ. ಬೇಲೂರು ಹಳೇಬೀಡಿನ ಬಳಪದ ಕಲ್ಲೂ ಹಾಗೇ ಅಲ್ವಾ? ಊರಿಂದ ಬಂದವರಿಗೆ ಇದನ್ನು ಹೇಳಿದರೆ ಗೋಡೆಯನ್ನು ಬೇರೆ ರೀತಿ ನೋಡುತ್ತಾರೆ. ಊರು ಸಪಾಟು, ಮಂಡಿಗೆ ತೊಂದರೆ ಇಲ್ಲ. ಬಿಸಿಲಿದ್ದರೆ ಕಾಫಿಯನ್ನು ಐಸ್ ಮತ್ತು ಬಾದಾಮಿ ಹಾಲಿನ ಜೊತೆ ಕೇಳಿ.

ಮೂರು ವರ್ಷ ಇಲ್ಲಿ ಕಾರು ಓಡಿಸಿದವರು:

ಬಾಡಿಗೆ ಕಾರು ತೆಗೆದುಕೊಳ್ಳುವ ಯೋಚನೆ ಬಂದರೆ ಒಂದು ಎಚ್ಚರಿಕೆ. ಹಳೇ ಊರಿನ ಬೀದಿಗಳ ಬಾಯಲ್ಲಿ ‘ಝೆಡ್ ಟಿ ಎಲ್’ ಅನ್ನೋ ಬೋರ್ಡು, ಮೇಲೆ ಕ್ಯಾಮೆರಾ. ಪರವಾನಗಿ ಇದ್ದವರಿಗೆ ಮಾತ್ರ ಪ್ರವೇಶ. ನಾನು ಗೊತ್ತಿಲ್ಲದೆ ಒಂದೇ ಸಂಜೆ ಎರಡು ಸಲ ನುಗ್ಗಿದೆ. ತಿಂಗಳುಗಳಾದ ಮೇಲೆ ಎರಡು ದಂಡ ಬೇರೆ ಬೇರೆಯಾಗಿ ಬಂದವು, ಅದರ ಜೊತೆ ಕಾರು ಬಾಡಿಗೆಯವರ ಖರ್ಚು ಬೇರೆ. ಊರ ಹೊರಗೆ ನಿಲ್ಲಿಸಿ ನಡೆದುಬಿಡಿ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು, ಅದೂ ಇಲ್ಲಿ ನಿವಾಸಿ ಅಂತ ನೋಂದಾಯಿಸಿ ಒಂದು ವರ್ಷದವರೆಗೆ ಮಾತ್ರ ನಡೆಯುತ್ತದೆ.

ಕಾರು ತೆಗೆದುಕೊಂಡರೆ ಒಂದೇ ಜಾಗಕ್ಕೆ ಸಾರ್ಥಕ, ಕಾಸ್ತೆಲ್ ದೆಲ್ ಮೊಂತೆ. ಮಗಳ ಕೈಗೆ ಇಟಲಿಯ ಒಂದು ಸೆಂಟ್ ನಾಣ್ಯ ಕೊಟ್ಟು ಕರೆದುಕೊಂಡು ಹೋಗಿ. ನಾಣ್ಯದ ಮೇಲಿರುವುದೇ ಆ ಕೋಟೆ. ಎಂಟು ಮೂಲೆ, ಎಂಟು ಗೋಪುರ, ಪ್ರತಿ ಅಂತಸ್ತಿನಲ್ಲೂ ಎಂಟು ಕೋಣೆ. 13ನೇ ಶತಮಾನದಲ್ಲಿ ಚಕ್ರವರ್ತಿ ಎರಡನೇ ಫ್ರೆಡೆರಿಕ್ ಕಟ್ಟಿಸಿದ್ದು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ, ಕೋಟೆಗಳಿಗೆ ಟಿಕೆಟ್ ಇಲ್ಲ, ಆದರೆ ಜನ ಜಾಸ್ತಿ.

ನಾಪೋಲಿಯಲ್ಲಿರುವವಳು:

ಬಾರಿಯಿಂದ ನಾಪೋಲಿ, ಪೊಂಪೇಯಿ ಒಂದೇ ದಿನದಲ್ಲಿ ಮುಗಿಸುತ್ತೇವೆ ಅಂತ ಹೊರಡಬೇಡಿ. ಬಸ್ಸಿನಲ್ಲೇ ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಎರಡು ರಾತ್ರಿ ಇಟ್ಟುಕೊಂಡು ಬನ್ನಿ. ಪೊಂಪೇಯಿಯಲ್ಲಿ ನೆರಳು ತೀರಾ ಕಡಿಮೆ, ಹಾಸುಗಲ್ಲು ಏರುಪೇರು. ಮಂಡಿನೋವಿನವರಿಗೆ ಎರ್ಕೊಲಾನೊ ವಾಸಿ. ಅದೂ ಕ್ರಿ.ಶ. 79ರಲ್ಲಿ ಅದೇ ವೆಸುವಿಯೊ ಜ್ವಾಲಾಮುಖಿಯ ಬೆಂಕಿಗೆ ಹೂತ ಊರು, ಆದರೆ ಚಿಕ್ಕದು. ಮರದ ತೊಲೆ, ಬಾಗಿಲುಗಳು ಕೂಡ ಸುಟ್ಟು ಕಪ್ಪಾಗಿ ಹಾಗೇ ಉಳಿದಿವೆ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯ ಊಟಕ್ಕೆ ಏನು ಮಾಡುತ್ತೀರಿ? ಮತ್ತೆ ಗುಹೆಮನೆಗಳ ಊರು ಮಾತೇರಾ ಬಗ್ಗೆ ಯಾರೂ ಹೇಳಲಿಲ್ಲ, ಅಲ್ಲಿ ಬರೀ ಮೆಟ್ಟಿಲಂತೆ?

ಮೈಸೂರಿನವಳು:

ಊಟಕ್ಕೆ ಚಿಂತೆ ಬೇಡ, ಬಾರಿ ಇರುವ ಈ ಪುಲಿಯಾ ಪ್ರಾಂತ್ಯದಷ್ಟು ಸಸ್ಯಾಹಾರ ಇಟಲಿಯಲ್ಲಿ ನಾನು ಬೇರೆಲ್ಲೂ ಕಾಣಲಿಲ್ಲ. ಫಾವೆ ಎ ಚಿಕೋರಿಯಾ ಕೇಳಿ. ಒಣ ಬೇಳೆಯಂಥ ಕಾಳನ್ನು ಬೇಯಿಸಿ ನುಣ್ಣಗೆ ಮಸೆದು, ಪಕ್ಕದಲ್ಲಿ ಕಹಿ ಸೊಪ್ಪಿನ ಪಲ್ಯ, ಮೇಲೆ ಆಲಿವ್ ಎಣ್ಣೆ. ನಮ್ಮ ಅಮ್ಮ ಬಂದಾಗ ಅದಕ್ಕೆ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ಎರಡು ತಟ್ಟೆ ಊಟ ಮಾಡಿದ್ದರು. ಟೊಮೆಟೊ ಹಾಕಿದ ಫೊಕಾಚ್ಚಾ ಬ್ರೆಡ್ ಎಲ್ಲ ಕಡೆ ಸಿಗುತ್ತದೆ. ಎರಡು ವಿಷಯ ಮಾತ್ರ ಕೇಳಿಕೊಳ್ಳಿ. ಸೊಪ್ಪಿನ ಒರೆಕ್ಕಿಯೆತ್ತೆ ಪಾಸ್ತಾಗೆ ಸುಮ್ನೆ ಅಚ್ಚೂಗೆ ಅನ್ನೋ ಚಿಕ್ಕ ಮೀನು ಸೇರಿಸಿಬಿಡುತ್ತಾರೆ, ಅದು ಬೇಡ ಅನ್ನಲು, ‘ಸೆನ್ತ್ಸಾ ಅಚ್ಚೂಗೆ’ ಅನ್ನಿ. ಬೇಕರಿ ತಿಂಡಿಯಲ್ಲಿ ಹಂದಿ ಕೊಬ್ಬು ಇರಬಹುದು, ‘ಸ್ತ್ರುತ್ತೊ’ ಇದೆಯಾ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾತೇರಾಗೆ ಖಂಡಿತ ಹೋಗಿ. ಬಾರಿ ಮುಖ್ಯ ಸ್ಟೇಷನ್ನಿನ ಪಕ್ಕದಲ್ಲೇ ಬೇರೆ ಚಿಕ್ಕ ಸ್ಟೇಷನ್, ಅಲ್ಲಿಂದ ಹಳೇ ಚಿಕ್ಕ ಹಳಿಯ ರೈಲು. ಕೆಲವು ರೈಲು ಅಲ್ತಮೂರಾದಲ್ಲಿ ಎರಡು ಭಾಗವಾಗುತ್ತವೆ, ಹತ್ತುವಾಗಲೇ ಮಾತೇರಾ ಡಬ್ಬಿ ಯಾವುದು ಅಂತ ಕೇಳಿ. ನಾವಿದ್ದಾಗ ಭಾನುವಾರ ರೈಲಿರಲಿಲ್ಲ, ಶನಿವಾರವೇ ಹೋಗುತ್ತಿದ್ದೆವು. ಮೇಲಿನ ಊರು ಸಮತಟ್ಟು. ವಿತ್ತೋರಿಯೊ ವೆನೆತೊ ಚೌಕದಿಂದ ಪಾಸ್ಕೊಲಿ ಚೌಕದವರೆಗೆ ಮೆಟ್ಟಿಲು ಹತ್ತದೆ ನಡೆಯಬಹುದು, ಅಲ್ಲಿಂದ ಕೆಳಗಿನ ಗುಹೆಮನೆಗಳೆಲ್ಲ ಕಾಣುತ್ತವೆ. ಕೆಳಗಿಳಿಯಲು ಆಪೆ ಸಿಗುತ್ತದೆ, ನಮ್ಮ ಆಟೋ ಥರದ್ದೇ. ದರ ಮೊದಲೇ ಮಾತಾಡಿಕೊಳ್ಳಿ.

ಕೇಳಿದವರು, ಮೇ ತಿಂಗಳಲ್ಲಿ:

ಹೋಗಿ ಬಂದೆವು, ಬರೆಯಲೇಬೇಕು ಅನಿಸಿತು. ಮಾತೇರಾದಲ್ಲಿ ಆಪೆ ಹತ್ತಿಸಿ ಅತ್ತೆಯನ್ನು ಕೆಳಗೆ ಕರೆದುಕೊಂಡು ಹೋದೆವು. ಮೊದಲಿದ್ದ ಹಾಗೇ ಇಟ್ಟಿರುವ ಒಂದು ಗುಹೆಮನೆ ಇದೆ. ಒಂದೇ ಕೋಣೆ. ಎತ್ತರದ ಮಂಚ, ಅದರ ಕೆಳಗೆ ಕೋಳಿ, ಒಳಗಡೆ ಹೇಸರಗತ್ತೆ ಕಟ್ಟುವ ಜಾಗ. 1952ರ ಕಾನೂನಿನ ಮೇಲೆ ಸಾವಿರಾರು ಜನರನ್ನು ಇಂಥ ಮನೆಗಳಿಂದ ಹೊಸ ಬಡಾವಣೆಗೆ ಕಳಿಸಿದರಂತೆ. ಮಗಳು ಮೂಗು ಮುಚ್ಚಿಕೊಂಡು “ಪ್ರಾಣಿ ಜೊತೆ ಹೇಗೆ ಮಲಗುತ್ತಿದ್ದರು?” ಅಂದಳು. ಅತ್ತೆ ಮಂಚದ ಕಡೆ ನೋಡುತ್ತಾ, “ನಮ್ಮ ಹಳೇ ಮನೆಯಲ್ಲೂ ಮುಂದಿನ ಅಂಕಣದಲ್ಲಿ ಎತ್ತು ಕಟ್ಟುತ್ತಿದ್ದೆವು. ಅವು ರಾತ್ರಿಯೆಲ್ಲ ಮೆಲುಕು ಹಾಕುವ ಸದ್ದು ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ” ಅಂದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಈ ಮಾತು ನಾನು ಕೇಳಿರಲಿಲ್ಲ.

ಇನ್ನೊಂದು, ಬಾರಿ ಹಳೇ ಊರಲ್ಲಿ ಹೆಂಗಸರು ಬಾಗಿಲ ಮುಂದೆ ಮಣೆ ಇಟ್ಟು ಒರೆಕ್ಕಿಯೆತ್ತೆ ಮಾಡುತ್ತಾರಲ್ಲ, ಅಲ್ಲಿ ಅರ್ಧ ಗಂಟೆ ನಿಂತೆವು. ರವೆ ಹಿಟ್ಟಿನ ಉದ್ದ ಎಳೆ, ಚೂರಿಯಲ್ಲಿ ಒಂದು ಚೂರು ಕತ್ತರಿಸಿ, ಎಳೆದು, ಹೆಬ್ಬೆರಳ ಮೇಲೆ ಮಗುಚಿದರೆ ಪುಟ್ಟ ಕಿವಿಯಾಗುತ್ತದೆ. ಅತ್ತೆ, “ಗವಲಿ ಮಾಡಿದ ಹಾಗೇ ಇದೆ” ಅಂತ ಕೈ ಮುಂದೆ ಮಾಡಿದರು. ಆ ಅಜ್ಜಿ ಒಂದು ತುಂಡು ಹಿಟ್ಟು ಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಮೂರನೆಯದಕ್ಕೆ ಅತ್ತೆಯ ಕೈಯಲ್ಲಿ ಸರಿಯಾದ ಕಿವಿ ಬಂತು.

ಮೇ 8ರಂದು ಸಂತ ನಿಕೋಲನ ಮೂರ್ತಿಯನ್ನು ದೋಣಿಯಲ್ಲಿ ಸಮುದ್ರಕ್ಕೆ ಕರೆದೊಯ್ದರು. 1087ರಲ್ಲಿ ಅವನ ಅಸ್ಥಿಯನ್ನು ಸಮುದ್ರದ ಮೇಲೇ ತಂದ ನೆನಪಿಗಂತೆ. ದಂಡೆಯ ತುಂಬ ಜನ. ಅತ್ತೆ “ಇದು ತೆಪ್ಪೋತ್ಸವ” ಅಂದು ಕೈ ಮುಗಿದರು, ಪಕ್ಕದಲ್ಲಿದ್ದ ಹೆಂಗಸು ಅವರಿಗೆ ತನ್ನ ಮಡಚುವ ಕುರ್ಚಿ ಬಿಟ್ಟುಕೊಟ್ಟಳು.

ಅತ್ತೆ ಇನ್ನು ಮೂರು ವಾರ ಇರುತ್ತಾರೆ. ಈ ಶನಿವಾರ ಮನೆಯಲ್ಲೇ ಊಟ ಮುಗಿಸಿಕೊಂಡು, ಮೂರು ಗಂಟೆ ರೈಲಿಗೆ ತ್ರಾನಿಗೆ.