‘ಊರು ಖಾಲಸಾ ಆತು’: ಈ ಮಾತಿಗೆ ಸರಿಯಾದ ಅರ್ಥ ಯಾವುದು?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ತಿಳಿದವರನ್ನು ಕೇಳಬೇಕಾಗಿದೆ. ನಮ್ಮ ಮನೆತನ ಧಾರವಾಡ ಜಿಲ್ಲೆಯ ಕುಂದಗೋಳದ್ದು. ಊರಿನ ಗೆಳೆಯರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ನಮ್ಮ ಆಯಿ, ಅಂದರೆ ತಂದೆಯ ತಾಯಿ, ತೀರಿಕೊಳ್ಳುವ ಮೊದಲು ಹೇಳಿದ ಹಳೆಯ ಸಂಗತಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಅದರಲ್ಲಿ ನಾಲ್ಕು ಪುಟ ಸಂಚಿಕೆಗೆ ಕೊಟ್ಟೆ. ಅದರಲ್ಲಿ ಈ ಸಾಲು ಇತ್ತು: ‘ಊರು ಖಾಲಸಾ ಆದಾಗ ನಿಮ್ಮ ದೊಡ್ಡಪ್ಪ ಇನ್ನೂ ತೊಟ್ಟಲದಾಗ ಇದ್ದ.’

ಕರಡು ತಿದ್ದಿದವರು ಇದನ್ನು ‘ಊರನ್ನು ಮುಟ್ಟುಗೋಲು ಹಾಕಿಕೊಂಡಾಗ’ ಎಂದು ಮಾಡಿದರು. ಇನ್ನೊಬ್ಬರು ‘ವಿಲೀನವಾದಾಗ’ ಎಂದರೆ ಸಾಕು ಅಂದರು. ಮೊದಲನೆಯದು ತಪ್ಪು ಎಂದು ನನಗೆ ಖಾತ್ರಿಯಿದೆ. ಎರಡನೆಯದು ತಪ್ಪಲ್ಲ, ಆದರೆ ಆಯಿಯ ಮಾತಿನಲ್ಲಿದ್ದ ಅರ್ಥ ಅದರಲ್ಲಿ ಪೂರ್ತಿ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ಈಗಿನ ಹುಡುಗರಿಗೆ ಗದಗ, ಹಾವೇರಿಯೂ ಸೇರಿದ್ದ ಹಳೆಯ ಧಾರವಾಡ ಜಿಲ್ಲೆ ಅಂದರೆ ಮೊದಲಿಂದಲೂ ಒಂದೇ ಸರಕಾರದ ಕೈಯಲ್ಲಿ ಇದ್ದ ನೆಲ ಎಂಬ ಭಾವನೆ ಇರುತ್ತದೆ. ಹಾಗಿರಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಮುಂಬಯಿ ಪ್ರಾಂತದಲ್ಲಿ ನೇರ ಇಂಗ್ಲಿಷರ ಆಳಿಕೆಯಲ್ಲಿದ್ದವು. ನಡುನಡುವೆ ಸಂಸ್ಥಾನದ ತುಂಡುಗಳು. ಕುಂದಗೋಳ ಜಮಖಂಡಿಯ ಪಟವರ್ಧನರದು, ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮಿರಜದ್ದು, ಸವಣೂರಿಗೆ ತನ್ನದೇ ನವಾಬ. ಹೊಲ ಒಂದು ಸಂಸ್ಥಾನದಲ್ಲಿ, ಪೇಟೆ ಇಂಗ್ಲಿಷರ ಹದ್ದಿನಲ್ಲಿ, ಬೀಗರ ಊರು ಮತ್ತೊಂದು ಸಂಸ್ಥಾನದಲ್ಲಿ ಎಂಬಂಥ ಮನೆಗಳು ಬೇಕಾದಷ್ಟಿದ್ದವು. ಇಂಗ್ಲಿಷರ ಹದ್ದಿಗೆ ಸಂಸ್ಥಾನದ ಮಂದಿ ಇಟ್ಟುಕೊಂಡಿದ್ದ ಹೆಸರೇ ‘ಖಾಲಸಾ’. ಆಯಿ ಸಣ್ಣವಳಿದ್ದಾಗ ಹುಬ್ಬಳ್ಳಿ ಸಂತೆಗೆ ಹೋಗುವುದು ಅಂದರೆ ‘ಖಾಲಸಾಕ್ಕ ಹೋಗೂದು’. ಮರಾಠಿಯಲ್ಲಿ ‘ಖಾಲಸಾ ಮುಲುಖ’ ಎನ್ನುತ್ತಾರಲ್ಲ, ಅದೇ.

ಪದದ ಮೂಲ ಅರಬ್ಬಿಯ ‘ಖಾಲಿಸ್’. ಅಪ್ಪಟ, ಬೆರಕೆಯಿಲ್ಲದ್ದು ಎಂದರ್ಥ. ಮೊಗಲರ ಕಾಲದಲ್ಲಿ ಜಾಗೀರುದಾರನಿಗೆ ಕೊಡದೆ ಬಾದಶಹನ ಖಜಾನೆಗೆ ನೇರ ಸೇರುವ ನೆಲಕ್ಕೆ ‘ಖಾಲಿಸಾ’ ಎನ್ನುತ್ತಿದ್ದರು. ಕೋರ್ಟು ಸುದ್ದಿಯಲ್ಲಿ ನಾವು ದಿನಾ ಓದುವ ‘ಖುಲಾಸೆ’, ಕೆಲಸ ಮುಗಿದಾಗ ಅನ್ನುವ ‘ಖಲಾಸ್’ ಕೂಡ ಅದೇ ಬೇರಿನವು. ‘ಖಾಲಿ’ ಮಾತ್ರ ಬೇರೆ ಬೇರಿನದು. ಕಿವಿಗೆ ಹತ್ತಿರ ಕೇಳುವುದರಿಂದ ‘ಖಾಲಸಾ’ ಅಂದರೆ ಖಾಲಿ ಮಾಡಿಸಿದ್ದು, ಕಸಿದುಕೊಂಡದ್ದು ಎಂದು ಕೆಲವರು ತಿಳಿಯುತ್ತಾರೆ. ‘ಮುಟ್ಟುಗೋಲು’ ಹುಟ್ಟಿದ್ದು ಅಲ್ಲಿಂದಲೇ ಇರಬೇಕು ಎಂಬುದು ನನ್ನ ಊಹೆ.

ಹಾಗೆ ತಿಳಿಯಲು ಇತಿಹಾಸದ ಕಾರಣವೂ ಇದೆ. ನರಗುಂದ ಸಂಸ್ಥಾನದ ಅರಸ ಬಾಬಾಸಾಹೇಬರಿಗೆ ಮಗನನ್ನು ದತ್ತಕ ತೆಗೆದುಕೊಳ್ಳಲು ಇಂಗ್ಲಿಷರ ಒಪ್ಪಿಗೆ ಸಿಗಲಿಲ್ಲ; 1858ರಲ್ಲಿ ಅವರು ಬಂಡೆದ್ದರು, ಅವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು, ಸಂಸ್ಥಾನ ಹೋಯಿತು. ಆ ಕಥೆ ಹೇಳುವಾಗಲೂ ನಮ್ಮ ಹಿರಿಯರು ಬಳಸುತ್ತಿದ್ದದ್ದು ಇದೇ ಪದ: ‘ನರಗುಂದ ಖಾಲಸಾ ಮಾಡಿದರು.’ ಅಲ್ಲಿ ಕಸಿದುಕೊಂಡ ಅರ್ಥ ಖಂಡಿತ ಇದೆ.

ಈಗ ಎರಡೂ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನರಗುಂದವನ್ನು ಖಾಲಸಾ ‘ಮಾಡಿದರು’. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಕುಂದಗೋಳ ಖಾಲಸಾ ‘ಆತು’. ಆಯಿಯ ಬಾಯಲ್ಲಿ ಕುಂದಗೋಳಕ್ಕೆ ‘ಮಾಡಿದರು’ ಬಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಒಂದರಲ್ಲಿ ಮಾಡಿದವರಿದ್ದಾರೆ, ಅವರ ಮೇಲೆ ಸಿಟ್ಟೂ ಇದೆ. ಇನ್ನೊಂದು ಮಳೆ ಆತು, ಬೆಳಕು ಆತು ಅಂದ ಹಾಗೆ. ಪದ ಒಂದೇ ಆದರೂ ‘ಮಾಡು’ ಮತ್ತು ‘ಆಗು’ ಎರಡು ಸರಕಾರಗಳನ್ನು ಬೇರೆ ಮಾಡಿ ತೋರಿಸುತ್ತವೆ. ‘ಮುಟ್ಟುಗೋಲು ಹಾಕಿಕೊಂಡಾಗ’ ಎಂದು ತಿದ್ದಿದರೆ ಆಯಿ 1948ರ ಬಗ್ಗೆ ಹೇಳಿದ್ದು 1858ರ ದನಿಗೆ ತಿರುಗುತ್ತದೆ. ಇದನ್ನು ನಾನು ಒಪ್ಪಲಾರೆ.

‘ವಿಲೀನ’ದ ಮಾತು ಬೇರೆ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತು, ಕುಂದಗೋಳದಲ್ಲಿ ಕಂದಾಯ ಮಾತ್ರ ಜಮಖಂಡಿಯ ಖಜಾನೆಗೇ ಹೋಗುತ್ತಿತ್ತು. ದಕ್ಷಿಣದ ಈ ಸಣ್ಣ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದು 1948ರ ಮಾರ್ಚ್ 8ಕ್ಕೆ. ನಡುವೆ ಹೆಚ್ಚುಕಡಿಮೆ ಏಳು ತಿಂಗಳು. ರಾಜರು ಸಹಿ ಹಾಕಿದ ಒಪ್ಪಂದದ ಕಡೆಯಿಂದ ನೋಡಿದರೆ ಅದು ವಿಲೀನ, ಸಣ್ಣದು ದೊಡ್ಡದರಲ್ಲಿ ಕರಗಿದ್ದು. ಹೊಲದ ಕಡೆಯಿಂದ ನೋಡಿದರೆ ನಡುವಿನವನು ಹೋಗಿ ಸರಕಾರಕ್ಕೆ ನೇರ ಸೇರಿದ್ದು. ಅದೇ ಖಾಲಸಾ, ಅಪ್ಪಟ, ಬೆರಕೆಯಿಲ್ಲದ್ದು ಎಂಬ ಹಳೆಯ ಅರ್ಥಕ್ಕೂ ಸರಿಹೊಂದುತ್ತದೆ. ನಿನ್ನೆಯವರೆಗೆ ಇಂಗ್ಲಿಷರ ಹದ್ದಿನ ಹೆಸರಾಗಿದ್ದ ಪದವನ್ನೇ ಆ ಮಂದಿ ತಮ್ಮ ಹೊಸ ಸರಕಾರಕ್ಕೂ ಇಟ್ಟರು ಎನ್ನುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನೊಂದು ತೊಡಕಿತ್ತು. ನಮ್ಮ ಚಿಕ್ಕಮ್ಮನೂ ‘ಖಾಲಸಾ ಆದ ವರ್ಷ’ ಎನ್ನುತ್ತಾಳೆ, ಆದರೆ ಅವಳ ವರ್ಷ ಆಯಿಯ ವರ್ಷವಲ್ಲ. ದೊಡ್ಡಪ್ಪನ ಶಾಲೆಯ ದಾಖಲೆಯಲ್ಲಿ ಜನ್ಮದಿನ 1950ರ ಜೂನ್ 1. ಆ ಕಾಲದ ಮಾಸ್ತರರು ಎಷ್ಟೋ ಮಕ್ಕಳಿಗೆ ಬರೆದ ತಾರೀಖು ಜೂನ್ 1, ಅದನ್ನು ನಂಬುವಂತಿಲ್ಲ. ಆಯಿಯ ಖಾಲಸಾ 1948 ಆದರೆ ದೊಡ್ಡಪ್ಪ ದಾಖಲೆಗಿಂತ ಎರಡು ವರ್ಷ ದೊಡ್ಡವನು. ಚಿಕ್ಕಮ್ಮನ ಲೆಕ್ಕದಲ್ಲಿ ಖಾಲಸಾ ಆದಾಗ ಅದೇ ದೊಡ್ಡಪ್ಪ ಪಾಟಿ ಚೀಲ ಹೊತ್ತು ಶಾಲೆಗೆ ಹೋಗುತ್ತಿದ್ದ!

ಇದು ಬಗೆಹರಿದದ್ದು ಟ್ರಂಕಿನಲ್ಲಿದ್ದ ಕಾಗದಗಳಿಂದ. 1951ರ ಒಂದು ಖರೀದಿ ಪತ್ರವಿದೆ. ಮಡಿಕೆಯಲ್ಲಿ ಹರಿದು ಹಿಂದಿನಿಂದ ಅಂಟಿಸಿದ್ದು, ಕೆಳಗೆ ಅಜ್ಜನ ಎಡಗೈ ಹೆಬ್ಬೆಟ್ಟು. ಊರಿನ ಹೆಸರಿನ ಮುಂದೆ ‘ಮಾಜಿ ಸಂಸ್ಥಾನ ಜಮಖಂಡಿ, ಹಾಲಿ ಜಿಲ್ಹಾ ಧಾರವಾಡ’ ಎಂದಿದೆ. ಆದರೆ ಹೊಲವನ್ನು ಇನ್ನೂ ‘ಇನಾಮು’, ಅಂದರೆ ಪೂರಾ ಕಂದಾಯ ಕಟ್ಟಬೇಕಿಲ್ಲದ ದಾನದ ನೆಲ, ಎಂದೇ ಬರೆದಿದ್ದಾರೆ. ಅಂದರೆ ಊರು ಸರಕಾರಕ್ಕೆ ಸೇರಿ ಮೂರು ವರ್ಷವಾದರೂ ಹೊಲ ಸೇರಿರಲಿಲ್ಲ. ಮುಂಬಯಿ ರಾಜ್ಯ 1950ರ ದಶಕದಲ್ಲಿ ಇನಾಮು ಮತ್ತು ವತನ (ವಂಶಪಾರಂಪರ್ಯ ಹುದ್ದೆಗೆ ಕೊಟ್ಟ ನೆಲ) ತೆಗೆಯುವ ಕಾಯ್ದೆಗಳನ್ನು ಒಂದರ ಹಿಂದೊಂದು ತಂದಿತು; ವಿಲೀನವಾದ ಪ್ರದೇಶಗಳಿಗೆ 1955ರಲ್ಲಿ ಬೇರೆಯೇ ಕಾಯ್ದೆ ಬಂತು. ಇನಾಮು ಹೋಗಿ ಪೂರಾ ಆಕಾರ, ಅಂದರೆ ಕಂದಾಯ, ತುಂಬುವ ಹೊಲವಾಗುವುದಕ್ಕೂ ಜನ ‘ಖಾಲಸಾ’ ಎಂದೇ ಹೇಳಿದರು. ಆಯಿಯದು ಊರಿನ ಖಾಲಸಾ, ಚಿಕ್ಕಮ್ಮನದು ಹೊಲದ ಖಾಲಸಾ. ನಾವು ಇಷ್ಟು ವರ್ಷ ಎರಡನ್ನೂ ಒಂದೇ ಎಂದು ತಿಳಿದು ಯಾರ ನೆನಪು ತಪ್ಪು ಎಂದು ವಾದಿಸುತ್ತಿದ್ದೆವು.

ಸಂಚಿಕೆಯಲ್ಲಿ ‘ಊರು ಖಾಲಸಾ ಆದಾಗ’ ಎಂದೇ ಉಳಿಸಿ, ಪಕ್ಕದಲ್ಲಿ 1948 ಎಂದು ಹಾಕಲು ಹೇಳಿದ್ದೇನೆ. ಅರ್ಥ ಕೊಡಲೇಬೇಕೆಂದರೆ ‘ಸರಕಾರಕ್ಕೆ ನೇರ ಸೇರಿದಾಗ’ ಎನ್ನಬಹುದು ಎಂದು ನನ್ನ ಅಭಿಪ್ರಾಯ. ಇದಕ್ಕಿಂತ ಒಳ್ಳೆಯ ಕನ್ನಡ ಇದ್ದರೆ ತಿಳಿಸಿ.

ಶಿರಹಟ್ಟಿ, ಲಕ್ಷ್ಮೇಶ್ವರ, ಸವಣೂರು ಕಡೆಯವರಿಗೆ ವಿಶೇಷವಾಗಿ ಒಂದು ಕೇಳಿಕೆ. ನಿಮ್ಮ ಮನೆಯ ಹಿರಿಯರೂ 1948ಕ್ಕೆ ‘ಆತು’ ಅಂತಲೇ ಅನ್ನುತ್ತಿದ್ದರೇ, ಇಲ್ಲವೇ ‘ಮಾಡಿದರು’ ಎಂಬುದೂ ಇದೆಯೇ? ಸವಣೂರಿನದು ತಿಳಿಯುವ ಆಸೆ ಹೆಚ್ಚು. ಅಲ್ಲಿ ಉರ್ದು ಮಾತಾಡುವ ಮನೆಗಳಲ್ಲಿ ಈ ಪದ ಯಾವ ಅರ್ಥದಲ್ಲಿ ಉಳಿದಿದೆ? ಹಳೆಯ ಖರೀದಿ ಪತ್ರ, ಹೊಲದ ಉತಾರ (ದಾಖಲೆಯ ನಕಲು) ಇದ್ದವರು ಅದರಲ್ಲಿನ ವಾಕ್ಯವನ್ನು ಇದ್ದ ಹಾಗೆಯೇ, ಕಾಗುಣಿತ ತಿದ್ದದೆ ಬರೆದು ಕಳಿಸಿದರೆ ಬಹಳ ಉಪಕಾರವಾಗುತ್ತದೆ.