ಬ್ಲೂಗ್ರಾಸ್ ಪ್ರೋಗ್ರಾಮ್‌ಗೆ ಅಪ್ಪನ್ನ ಕರ್ಕೊಂಡೋಗ್ಬೋದಾ? ಗೊತ್ತಿರೋರು ಹೇಳ್ರಪ್ಪ

ಮಂಡ್ಯದ್‌ಹೈದ:
ಎಲ್ರಿಗೂ ನಮಸ್ಕಾರ. ಈ ಶನಿವಾರ ಸಂಜೆ ಮೈಸೂರು ಕಿರುರಂಗಮಂದಿರದಲ್ಲಿ ಅಮೆರಿಕಾದ ಒಂದು ಬ್ಯಾಂಡ್‌ದು ಫೋಕ್ ಮತ್ತೆ ಬ್ಲೂಗ್ರಾಸ್ ಅಂತ ಅವರ ಕಡೆ ತಂತಿ ವಾದ್ಯಗಳ ಸಂಗೀತದ ಪ್ರೋಗ್ರಾಮ್ ಇದೆ, ಕೊನೇಲಿ ನಮ್ ಕಡೆ ತಂಬೂರಿ ಪದದೋರೂ ಅವರ ಜೊತೆ ಸೇರಿ ಹಾಡ್ತಾರಂತೆ. ಆಫೀಸಲ್ಲಿ ಒಬ್ರು ಎರಡು ಪಾಸ್ ಕೊಟ್ರು. ಯೂಟ್ಯೂಬಲ್ಲಿ ನೋಡ್ದೆ, ಎಲ್ಲಾ ಒಂದೇ ಸ್ಪೀಡಲ್ಲಿ ಟಣಟಣ ಅಂತ ಓಡ್ತಾ ಇತ್ತು, ಯಾರು ಏನ್ ಬಾರಿಸ್ತಾವ್ರೆ ಅಂತ್ಲೇ ಗೊತ್ತಾಗ್ಲಿಲ್ಲ. ನಮ್ಮಪ್ಪ ಮಳವಳ್ಳಿ ಕಡೆಯೋರು, ಬೊಪ್ಪೇಗೌಡನಪುರ, ಕಪ್ಪಡಿ ಜಾತ್ರೆ ಅಂತ ಓಡಾಡ್ಕೊಂಡು ರಾತ್ರಿಯೆಲ್ಲಾ ಮಂಟೇಸ್ವಾಮಿ ಕಥೆ ಕೇಳಿ ಬೆಳೆದೋರು, ಇಂಗ್ಲಿಷ್ ಒಂದಕ್ಷರ ಬರಲ್ಲ. ಕೂತ್ಕೊಂಡು ಕೇಳ್ತಾರಾ ಇಲ್ಲಾ ಅರ್ಧಕ್ಕೇ "ಎದ್ದೇಳ್ಲಾ ಮಗ, ಬಸ್ ತಪ್ಪೋಯ್ತದೆ" ಅಂತಾರಾ?

ತಂತಿಕುಟ್ಟೋನು:
ಕಣ್ಮುಚ್ಕೊಂಡು ಕರ್ಕೊಂಡೋಗಿ. ಯೂಟ್ಯೂಬಲ್ಲಿ ಒಂದೇ ಥರ ಕೇಳ್ಸೋದು ನಿಜ, ಯಾಕಂದ್ರೆ ಮೊಬೈಲ್ ಸ್ಪೀಕರಲ್ಲಿ ಬೇಸ್ ಕೇಳ್ಸಲ್ಲ, ಮತ್ತೆ ಈ ಸಂಗೀತ ಅರ್ಧ ಕಣ್ಣಲ್ಲೇ ಕೇಳೋದು. ಮೊದ್ಲು ಗಮನಿಸ್ಬೇಕಾದ್ದು, ಸ್ಟೇಜ್ ಮೇಲೆ ಸಾಮಾನ್ಯವಾಗಿ ಡ್ರಮ್ಸೇ ಇರಲ್ಲ. ನಿಂತ್ಕೊಂಡು ಬಾರಿಸೋ ದೊಡ್ಡ ಬೇಸ್ ಒಂದು ಪೆಟ್ಟು ಹಾಕುತ್ತೆ, ಎರಡು ಪೆಟ್ಟಿನ ಮಧ್ಯದ ಖಾಲಿ ಜಾಗದಲ್ಲಿ ಮ್ಯಾಂಡೊಲಿನ್ ಚಕ್ ಅಂತ ಹೊಡೆಯುತ್ತೆ. ಬಲಗೈಲಿ ತಂತಿ ಬಾರಿಸಿದ ತಕ್ಷಣ ಎಡಗೈ ಬೆರಳು ಸ್ವಲ್ಪ ಸಡಿಲ ಬಿಟ್ರೆ ನಾದ ಅಲ್ಲೇ ಸತ್ತೋಗುತ್ತೆ, ಬರೀ ಪೆಟ್ಟು ಉಳಿಯುತ್ತೆ, ಇದಕ್ಕೆ ಚಾಪ್ ಅಂತಾರೆ. ಒಂದು ಹಾಡು ಪೂರ್ತಿ ಆ ಕೈನೇ ನೋಡ್ತಾ ಕೂತ್ಕೊಳ್ಳಿ ಸಾಕು, ತಾಳ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ಬಿಡುತ್ತೆ.

ಆಮೇಲೆ ಬ್ಯಾಂಜೊ. ಐದು ತಂತಿ, ಆದ್ರೆ ಐದನೇದು ಮೋಟು, ಅದರ ಬಿರಡೆ ಕುತ್ತಿಗೆ ಮಧ್ಯದಲ್ಲೇ ಇರುತ್ತೆ. ಅದನ್ನ ಬೆರಳಲ್ಲಿ ಒತ್ತೋದು ಕಮ್ಮಿ, ಹೆಬ್ಬೆರಳು ಬಂದು ಬಂದು ಮೀಟಿ ಹೋಗ್ತಾ ಇರುತ್ತೆ, ಒಂದೇ ಸ್ವರ ಮೇಲೆ ಗುಂಯ್‌ಗುಡ್ತಿರುತ್ತೆ. ತಂಬೂರಿ ಕೇಳಿ ಬೆಳೆದಿರೋ ನಿಮ್ಮಪ್ಪನ ಕಿವಿ ಅದನ್ನ ನಮಗಿಂತ ಮೊದ್ಲು ಹಿಡಿಯುತ್ತೆ ನೋಡ್ತಿರಿ. ಈ ಬ್ಯಾಂಜೊ ಮೂಲ ಪಶ್ಚಿಮ ಆಫ್ರಿಕಾ, ಗುಲಾಮರಾಗಿ ಸಾಗಿಸಲ್ಪಟ್ಟ ಜನ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡ್ಕೋತಿದ್ದ ವಾದ್ಯ ಅದು. ಬ್ಲೂಗ್ರಾಸ್ ಮಾತ್ರ ತೀರಾ ಹಳೇದಲ್ಲ. ಕೆಂಟಕಿಯ ಬಿಲ್ ಮನ್ರೋ ಅನ್ನೋ ಮ್ಯಾಂಡೊಲಿನ್ ವಾದಕ 1939ರಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೋ ಕಾರ್ಯಕ್ರಮಕ್ಕೆ ಸೇರ್ಕೊಂಡ, 1945ರ ಕೊನೇಲಿ ಅರ್ಲ್ ಸ್ಕ್ರಗ್ಸ್ ಅವನ ತಂಡಕ್ಕೆ ಬಂದು ಮೂರು ಬೆರಳಲ್ಲಿ ಬ್ಯಾಂಜೊ ನುಡಿಸಿದ ಮೇಲೇನೇ ನೀವು ಕೇಳಿದ ಆ ಟಣಟಣ ಹುಟ್ಟಿದ್ದು.

ಸರಸ್ವತಿಪುರಂ ತಾತ:
ಮಗಳು ನಾರ್ತ್ ಕ್ಯಾರೊಲೈನಾದಲ್ಲಿದ್ದಾಳೆ, ಅಲ್ಲಿಗೆ ಹೋದಾಗ ವಿಲ್ಕ್ಸ್‌ಬರೊ ಅನ್ನೋ ಊರಲ್ಲಿ ನಡೆಯೋ ಮರ್ಲ್‌ಫೆಸ್ಟ್ ಅನ್ನೋ ಸಂಗೀತ ಉತ್ಸವಕ್ಕೆ ಕರ್ಕೊಂಡೋಗಿದ್ಲು. ಡಾಕ್ ವಾಟ್ಸನ್ ಅಂತ ಕಣ್ಣು ಕಾಣದ ಗಿಟಾರ್ ವಾದಕರು ತೀರಿಹೋದ ಮಗನ ನೆನಪಿಗೆ 1988ರಲ್ಲಿ ಶುರು ಮಾಡಿದ್ದು. ನಾನು ಎಂಟನೇ ಕ್ರಾಸ್ ಗಣೇಶೋತ್ಸವದ ಕಛೇರಿ ಕೇಳ್ಕೊಂಡು ಬಂದವನು, ಒಲ್ಲದ ಮನಸ್ಸಲ್ಲೇ ಹೋಗಿದ್ದು. ಅಲ್ಲಿ ಒಂದು ತಂಡ ಐದೂ ಜನಕ್ಕೆ ಸೇರಿ ಒಂದೇ ಒಂದು ಮೈಕ್ ಇಟ್ಕೊಂಡಿತ್ತು, ಹಳೇ ರೇಡಿಯೋ ಕಾಲದ ಪದ್ಧತಿಯಂತೆ. ಯಾರ ಸರದಿಯೋ ಅವರು ಮುಂದೆ ಬರೋದು, ಮುಗಿದ ತಕ್ಷಣ ಹಿಂದೆ ಸರಿಯೋದು, ಬಾವಿಕಟ್ಟೆ ಹತ್ರ ಬಿಂದಿಗೆ ಹಿಡಿದ ಹೆಂಗಸರು ಒಬ್ಬರಿಗೊಬ್ಬರು ತಾಗದ ಹಾಗೆ ಜಾಗ ಬಿಟ್ಕೊಡ್ತಾರಲ್ಲ ಹಾಗೆ. ಪಿಟೀಲಿನವಳು ಬಗ್ಗಿ ಗಿಟಾರಿನವನ ಹ್ಯಾಟ್ ಕೆಳಗಿಂದ ಕಮಾನು ತೂರಿಸ್ಕೊಂಡು ಮೈಕಿಗೆ ಬಂದಳು, ಒಂದು ಸ್ವರ ತಪ್ಪಲಿಲ್ಲ. ಪಿಟೀಲು ನಮ್ಮ ಕಛೇರೀಲಿ ಇರೋದೇ, ಆದ್ರೆ ನಿಂತ್ಕೊಂಡು ಗದ್ದದ ಕೆಳಗೆ ಇಟ್ಕೋತಾರೆ. ಇನ್ನೊಂದು, ಹಾಡಿನ ಮಧ್ಯದಲ್ಲೇ ಚಪ್ಪಾಳೆ ತಟ್ಟಬಹುದು, ಪ್ರತಿಯೊಬ್ಬರ ಸರದಿ ಮುಗಿದಾಗಲೂ. ಮೃದಂಗದ ತನಿ ಆವರ್ತನ ಮುಗಿಯೋ ತನಕ ಕಾಯೋ ನಮ್ಮ ಶಿಸ್ತು ಅಲ್ಲಿ ಬೇಡ.

ಕಂಸಾಳೆ ಕಿಟ್ಟ:
ಬ್ಲೂಗ್ರಾಸ್ ಬಗ್ಗೆ ನಂದೇನೂ ತಕರಾರಿಲ್ಲ ಸ್ವಾಮಿ, ಆ ಕೊನೇ ಐಟಮ್ ಬಗ್ಗೆ ಇದೆ. ಇಂಥದ್ದೇ ಫ್ಯೂಷನ್ ಅಂತ ಒಂದ್ ಕಡೆ ಹೋಗಿದ್ದೆ, ಎಲ್ಲಿ ಅಂತ ಬೇಡ ಬಿಡಿ. ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆ ಹಾಡೋ ನೀಲಗಾರರನ್ನ ಸಂಜೆಯಿಂದ ಸೈಡ್‌ವಿಂಗಲ್ಲಿ ಕೂರ್ಸಿ ಕೊನೇಗೆ ಹತ್ತು ನಿಮಿಷ ಕೊಟ್ರು, ಅದ್ರಲ್ಲೂ ಅರ್ಧ ಶಾಲು, ಹಾರ, ಫೋಟೋಗೇ ಹೋಯ್ತು. ತಂಬೂರಿ ಹತ್ರ ಮೈಕೇ ಇಟ್ಟಿರ್ಲಿಲ್ಲ, ಗಗ್ಗರ ಒಂದೇ ಕಿವಿ ಕೊಯ್ತಿತ್ತು. ರಾತ್ರಿಯೆಲ್ಲಾ ಹಾಡಿದ್ರೂ ಮುಗೀದೇ ಇರೋ ಕಾವ್ಯ ಅದು, ಕಥೆ ಎತ್ಕೊಳ್ಳೋ ಹೊತ್ಗೇ ನಿರೂಪಕಿ ಬಂದು ವಂದನಾರ್ಪಣೆ ಅಂದ್ಬಿಟ್ಳು. ನಿಮ್ಮಪ್ಪ ಕಪ್ಪಡಿಲಿ ಕೇಳಿರೋರು, ಇದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ತಂತಿಕುಟ್ಟೋನು:
ಕಿಟ್ಟಣ್ಣ ಹೇಳಿದ್ದು ಸುಳ್ಳಲ್ಲ, ಒಂದು ಮಧ್ಯಾಹ್ನ ರಿಹರ್ಸಲ್ ಮಾಡಿ ಸ್ಟೇಜ್ ಹತ್ತಿದ್ರೆ ಆಗೋದೇ ಅಷ್ಟು. ಆದ್ರೆ ಬೇಲಾ ಫ್ಲೆಕ್ ಬ್ಯಾಂಜೊ, ಎಡ್ಗರ್ ಮೇಯರ್ ಬೇಸ್ ಜೊತೆ ಜಾಕಿರ್ ಹುಸೇನ್ ತಬಲಾ ನುಡಿಸಿದಾರಲ್ಲ, ಅವರದ್ದು ವರ್ಷಗಟ್ಟಲೆ ಒಡನಾಟ, ಆಮೇಲೆ ರಾಕೇಶ್ ಚೌರಾಸಿಯಾ ಕೊಳಲೂ ಸೇರಿ 2024ರಲ್ಲಿ ಗ್ರ್ಯಾಮಿ ಬಂತು. ಅಲ್ಲಿ ಯಾರೂ ಯಾರಿಗೂ ಸೈಡ್ ಐಟಮ್ ಅಲ್ಲ. ಹಾಗಾಗಿ ಕೊನೇ ಹತ್ತು ನಿಮಿಷದ ಮೇಲೆ ಆಸೆ ಇಟ್ಕೋಬೇಡಿ, ಅದಕ್ಕಿಂತ ಮುಂಚೆ ಬರೋ ಕಥನಗೀತೆಗಳನ್ನ ಅಪ್ಪಂಗೆ ಕೇಳ್ಸಿ. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡಿಂದ ವಲಸೆ ಬಂದೋರು ಅಮೆರಿಕಾದ ಅಪಲೇಚಿಯನ್ ಬೆಟ್ಟಗಳಿಗೆ ತಂದ ಹಾಡುಗಳೂ ಅದ್ರಲ್ಲಿರುತ್ತೆ. ಪ್ರೀತಿಸಿದ ಹುಡುಗೀನ ನಂಬಿಸಿ ಹೊಳೆ ದಡಕ್ಕೆ ಕರ್ಕೊಂಡೋಗಿ ಕೊಲ್ಲೋ ಕಥೆಗಳೇ ಎಷ್ಟೋ ಇವೆ. ನಮ್ಮಲ್ಲಿ ಕೆರೆಗೆ ಸೊಸೇನ ಬಲಿ ಕೊಡೋ ಪದ ಕೇಳಿದೋರಿಗೆ ಇದೇನು ಹೊಸದಾ. ಹಾಡೋಕೆ ಮುಂಚೆ ಸಾಮಾನ್ಯವಾಗಿ ಕಥೆ ಏನಂತ ಎರಡು ಮಾತು ಹೇಳ್ತಾರೆ, ಅದನ್ನ ಅಪ್ಪನ ಕಿವೀಲಿ ಕನ್ನಡದಲ್ಲಿ ಹೇಳ್ಬಿಡಿ, ಮಿಕ್ಕಿದ್ದು ಹಾಡೋರ ಏರುದನಿಯೇ ನೋಡ್ಕೊಳ್ಳುತ್ತೆ.

ಮಂಡ್ಯದ್‌ಹೈದ:
ಥ್ಯಾಂಕ್ಸ್ ಎಲ್ರಿಗೂ. ಅಪ್ಪಂಗೆ ಇದನ್ನೆಲ್ಲಾ ಓದಿ ಹೇಳ್ದೆ, ಹೊಳೆ ದಡದ ಕೊಲೆ ಅಂದಿದ್ದೇ ತಡ "ಆಮೇಲೆ ಅವನಿಗೇನಾಯ್ತು, ಸಿಕ್ಕಾಕೊಂಡ್ನಾ" ಅಂತ ಕೂತವ್ರೆ, ಬರ್ತಾರೆ. ಮ್ಯಾಂಡೊಲಿನ್ ಬಾರಿಸೋರ ಕೈ ನೋಡ್ತಾ ಕೂತ್ಕೊಳ್ಳಿ ಅಂದ್ರಲ್ಲ, ಮುಂದ್ಗಡೆ ಕೂತ್ರೆ ಚೆನ್ನಾಗಿ ಕಾಣುತ್ತೆ, ಆದ್ರೆ ನಮ್ಮದು ಮಾಮೂಲಿ ಪಾಸು, ಮುಂದೆ ಬಿಡ್ತಾರಾ?

ಸರಸ್ವತಿಪುರಂ ತಾತ:
ಮುಂದಿನ ಎರಡು ಸಾಲಿಗೆ ಗಣ್ಯರಿಗೆ ಅಂತ ಚೀಟಿ ಅಂಟಿಸಿರ್ತಾರೆ. ಮೂರನೇ ಸಾಲಿನ ತುದೀಲಿ ಕೂತಿರಿ. ಗಣ್ಯರು ದೀಪ ಹಚ್ಚಿ, ಭಾಷಣ ಮಾಡಿ, ಮೊದಲ ಹಾಡಿಗೇ ಎದ್ದು ಹೋಗ್ತಾರೆ.