ಗಂಡು ಕೂಸಿಗೆ ಸುನ್ನತಿ ಬೇಕಾ, ಬೇಡವಾ? ವಿಜಯಪುರದ ಮಕ್ಕಳ ಸರ್ಜನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಗಂಡು ಕೂಸಿನ ಮುಂದೊಗಲಿನ (ಶಿಶ್ನದ ತುದಿ ಮುಚ್ಚುವ ಚರ್ಮದ) ಬಗ್ಗೆ ಹೋದ ವಾರ ಗುಂಪಿನಲ್ಲಿ ದೊಡ್ಡ ಗದ್ದಲ ಆಯಿತು. ಹಾಗಾಗಿ ವಿಜಯಪುರದಲ್ಲಿ ಮಕ್ಕಳ ಸರ್ಜನ್ ಆಗಿರುವ ಮೇಡಂ ಅವರನ್ನು ಕರೆದಿದ್ದೇವೆ. ಸಂಜೆ ಒಪಿಡಿ ಮುಗಿಸಿ ಉತ್ತರ ಕೊಡುತ್ತಾರೆ. ಆ ಚರ್ಮ ತೆಗೆಸುವುದಕ್ಕೆ ಸುನ್ನತಿ ಅನ್ನಿ, ಖತ್ನಾ ಅನ್ನಿ, ಮುಂಜಿ ಅನ್ನಿ, ಮರ್ಯಾದೆಯಿಂದ ಕೇಳಿ. ಕೂಸಿನ ಫೋಟೋ ಹಾಕಬೇಡಿ.

ಸದಸ್ಯೆ (ಬಾಗಲಕೋಟೆ, ಈಗ ಟೆಕ್ಸಾಸ್): ನಮಸ್ಕಾರ ಮೇಡಂ. ನನಗೆ 34ನೇ ವಾರ. ಗಂಡು ಮಗು ಅಂತ ಇಲ್ಲಿನ ಸ್ಕ್ಯಾನ್‌ನಲ್ಲಿ ಹೇಳಿದ್ದಾರೆ. ಆಸ್ಪತ್ರೆಯವರು ಈಗಲೇ ಫಾರ್ಮ್ ಕೊಟ್ಟು ಸುನ್ನತಿ ಮಾಡಿಸುತ್ತೀರಾ ಅಂತ ಕೇಳಿದರು. ನಮ್ಮ ಮನೆತನದಲ್ಲಿ ಆ ಪದ್ಧತಿ ಇಲ್ಲ. ಶಾಲೆಯಲ್ಲಿ ಬೇರೆ ಹುಡುಗರ ಹಾಗೆ ಇರಲಿ ಅಂತ ಯಜಮಾನರು ಹೇಳುತ್ತಾರೆ. ಅತ್ತೆಯವರು ಊರಿಂದ ಫೋನ್ ಮಾಡಿ ಬೇಡವೇ ಬೇಡ ಅಂತ ಅಳುತ್ತಾರೆ. ಏನು ಮಾಡಲಿ?

ಅಡ್ಮಿನ್: ಗಂಡೋ ಹೆಣ್ಣೋ ಅಂತ ಸ್ಕ್ಯಾನ್‌ನಲ್ಲಿ ಕೇಳುವುದು, ಹೇಳುವುದು ನಮ್ಮ ದೇಶದಲ್ಲಿ ಅಪರಾಧ. ಇಲ್ಲಿರುವವರು ಅದನ್ನು ಕೇಳಬೇಡಿ.

ಡಾಕ್ಟರ್: ಫಾರ್ಮ್ ಕೊಟ್ಟರು ಅಂತ ಅಂದೇ ಸಹಿ ಹಾಕಬೇಕಾಗಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದು ಇಷ್ಟು: ತೊಂದರೆಗಿಂತ ಲಾಭ ಜಾಸ್ತಿ, ಆದರೆ ಹುಟ್ಟಿದ ಪ್ರತಿ ಗಂಡು ಕೂಸಿಗೂ ಮಾಡಿಸಿ ಅನ್ನುವಷ್ಟು ಅಲ್ಲ, ತೀರ್ಮಾನ ತಂದೆತಾಯಿಗೆ ಬಿಟ್ಟದ್ದು. ಅದಕ್ಕೆ 2 ವರ್ಷ ಮೊದಲು ನೆದರ್ಲೆಂಡ್ಸ್‌ನ ವೈದ್ಯರ ಸಂಘ, ಕಾಯಿಲೆ ಇಲ್ಲದ ಹುಡುಗರಿಗೆ ಮಾಡಬೇಡಿ ಅಂದಿತ್ತು. ಇಬ್ಬರೂ ಓದಿದವರೇ.

ಲಾಭ ಎಂದರೆ ಎಷ್ಟು? ಮೊದಲ ವರ್ಷದಲ್ಲಿ ಮೂತ್ರದ ಸೋಂಕು 100 ಗಂಡು ಕೂಸುಗಳಲ್ಲಿ ಸುಮಾರು ಒಂದಕ್ಕೆ ಬರುತ್ತದೆ. ಸುನ್ನತಿ ಆದವರಲ್ಲಿ ಅದು ಇನ್ನೂ ಬಹಳ ಕಡಿಮೆ. ಅಂದರೆ ಒಂದು ಸೋಂಕು ತಪ್ಪಿಸಲು ನೂರಕ್ಕಿಂತ ಹೆಚ್ಚು ಕೂಸುಗಳಿಗೆ ಮಾಡಬೇಕು. ಕಿಡ್ನಿಯಲ್ಲಿ ತೊಂದರೆ ಇದೆ, ಮೇಲಿಂದ ಮೇಲೆ ಸೋಂಕು ಆಗುತ್ತಿದೆ ಅಂದಾಗ ಲೆಕ್ಕ ಬೇರೆ. ಅಂಥ ಕೂಸಿಗೆ ಮಾಡಿಸಿ ಅಂತ ನಾನೇ ಹೇಳುತ್ತೇನೆ.

ಬೇರೆ ಹುಡುಗರ ಹಾಗೆ ಇರಲಿ ಅನ್ನುವುದು ವೈದ್ಯಕೀಯ ಕಾರಣ ಅಲ್ಲ. ಅಲ್ಲೂ ಮಾಡಿಸದೇ ಇರುವ ಮಕ್ಕಳು ಬೇಕಾದಷ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ: ಧರ್ಮದ ಕಾರಣ ಇಲ್ಲ, ಕಾಯಿಲೆ ಇಲ್ಲ ಅಂದರೆ ಬಿಡಿ. ಬೇಕಾದರೆ ಮುಂದೆ ಮಾಡಿಸಬಹುದು, ಕತ್ತರಿಸಿದ ಮೇಲೆ ವಾಪಸ್ ಬರುವುದಿಲ್ಲ. ಮಾಡಿಸುವುದೇ ಆದರೆ ಮೂರು ಮಾತು ಕೇಳಿ. ನೋವು ಗೊತ್ತಾಗದಂತೆ ಇಂಜೆಕ್ಷನ್ ಕೊಡುತ್ತೀರಾ? ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಹುಟ್ಟಿದಾಗ ಕೊಟ್ಟಿದ್ದೀರಾ? ಮೂತ್ರದ ತೂತು ಸರಿಯಾದ ಜಾಗದಲ್ಲಿದೆಯಾ?

ಸದಸ್ಯೆ (ಜಮಖಂಡಿ): ಮೇಡಂ, ಮಗನಿಗೆ 8 ತಿಂಗಳು. ಚರ್ಮ ಹಿಂದೆ ಸರಿಯುವುದಿಲ್ಲ. ಮೂತ್ರ ಮಾಡುವಾಗ ತುದಿ ಬುಗ್ಗೆಯಂತೆ ಉಬ್ಬುತ್ತದೆ. ಇಲ್ಲಿ ತೋರಿಸಿದರೆ ಫೈಮೋಸಿಸ್ (ಮುಂದೊಗಲು ಬಿಗಿ), ಆಪರೇಷನ್ ಮಾಡಿಸಿ ಅಂದರು.

ಡಾಕ್ಟರ್: 8 ತಿಂಗಳಿಗೆ ಹಿಂದೆ ಸರಿಯಬಾರದು. ಅದೇ ಸರಿ. ಹುಟ್ಟುವಾಗ ಮುಂದೊಗಲು ಒಳಗಿನ ಭಾಗಕ್ಕೆ ಉಗುರು ಬೆರಳಿಗೆ ಅಂಟಿದ ಹಾಗೆ ಅಂಟಿರುತ್ತದೆ. ತಾನಾಗಿಯೇ ನಿಧಾನಕ್ಕೆ ಬಿಡುತ್ತದೆ. ಬಹಳ ಮಕ್ಕಳಿಗೆ 3 ವರ್ಷದ ಹೊತ್ತಿಗೆ, ಕೆಲವರಿಗೆ ಹತ್ತು ದಾಟಿದ ಮೇಲೆ. 17ನೇ ವಯಸ್ಸಿಗೆ ಬಿಡದೇ ಉಳಿಯುವವರು 100ಕ್ಕೆ ಒಬ್ಬರು ಅಷ್ಟೇ. ಉಬ್ಬಿದರೂ ಆಮೇಲೆ ಧಾರೆ ಸರಾಗ ಬಂದರೆ ತೊಂದರೆ ಇಲ್ಲ. ಒಳಗೆ ಬಿಳಿ ಮುತ್ತಿನಂಥ ಗಂಟು ಕಂಡರೆ ಅದು ಕೀವು ಅಲ್ಲ, ಉದುರಿದ ಚರ್ಮದ ಕಣ. ಹಿಸುಕಬೇಡಿ.

ತುದಿ ಬಿಳಿಚಿ ಗಟ್ಟಿಯಾಗಿ ಉಂಗುರದ ಹಾಗೆ ಆದರೆ, ಮೇಲಿಂದ ಮೇಲೆ ಕೆಂಪಾಗಿ ಬಾತರೆ, ಮೂತ್ರ ಹನಿಹನಿಯಾಗಿ ಬಂದರೆ ತೋರಿಸಿ. ಆಗಲೂ ಮೊದಲು ನೋಡುವುದು ಬೀಟಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮುಲಾಮು, 4ರಿಂದ 8 ವಾರ. ಬಹಳ ಮಕ್ಕಳಿಗೆ ಅಷ್ಟರಲ್ಲೇ ಗುಣ ಆಗುತ್ತದೆ. ಬಿಳಿಚಿ ಗಟ್ಟಿಯಾದವರಿಗೆ ಮಾತ್ರ ಹೆಚ್ಚಾಗಿ ಆಪರೇಷನ್ ಬೇಕಾಗುತ್ತದೆ. ಮುಲಾಮನ್ನು ನೀವೇ ಅಂಗಡಿಯಿಂದ ತಂದು ಹಚ್ಚಬೇಡಿ.

ಸದಸ್ಯೆ (ಮುದ್ದೇಬಿಹಾಳ): ಮೇಡಂ ನನ್ನ ಮಗನಿಗೆ 1 ವರ್ಷ, ಚರ್ಮ ಹಿಂದೆ ಬರುತ್ತಿಲ್ಲ, ಏನು ಮಾಡಬೇಕು?

ಡಾಕ್ಟರ್: ಮೇಲಿನ ಉತ್ತರ ಓದಿ.

ಸದಸ್ಯೆ (ಗೋಕಾಕ): ಅಕ್ಕಾರೇ, ಆಪರೇಷನ್ ಏನೂ ಬೇಡ. ನನಗೆ ಬಂದದ್ದನ್ನು ಹಾಕುತ್ತೇನೆ. "ಔಡಲೆಣ್ಣೆ ಬಿಸಿ ಮಾಡಿ ಚಿಟಿಕೆ ಅರಿಶಿನ ಸೇರಿಸಿ, ದಿನಾ ಎರೆಯುವಾಗ ಚರ್ಮ ಸ್ವಲ್ಪ ಸ್ವಲ್ಪ ಹಿಂದಕ್ಕೆ ಎಳೆಯಬೇಕು. 21 ದಿನದಲ್ಲಿ ಪೂರ್ತಿ ಬಿಡುತ್ತದೆ. ಹತ್ತು ಜನಕ್ಕೆ ಕಳಿಸಿ."

ಡಾಕ್ಟರ್: ಹತ್ತು ಜನಕ್ಕೆ ಕಳಿಸಬೇಡಿ. ಒಬ್ಬರಿಗೂ ಕಳಿಸಬೇಡಿ. ಎಳೆದಾಗ ಚರ್ಮ ಒಳಗೆ ಹರಿಯುತ್ತದೆ, ರಕ್ತ ಬರುತ್ತದೆ, ಗಾಯ ಮಾಯುವಾಗ ಗಟ್ಟಿ ಕಲೆ ಆಗುತ್ತದೆ. ಸುಮ್ನೆ ಬಿಟ್ಟಿದ್ದರೆ ಸರಿಹೋಗುತ್ತಿದ್ದ ಕೂಸಿಗೆ ಆಮೇಲೆ ನಿಜವಾಗಿಯೂ ಆಪರೇಷನ್ ಬೇಕಾಗುತ್ತದೆ. ಇನ್ನೊಂದು ಅಪಾಯ: ಹಿಂದೆ ಎಳೆದ ಚರ್ಮ ಅಲ್ಲೇ ಸಿಕ್ಕಿಕೊಂಡು ತುದಿ ಬಾತು ನೀಲಿಗಟ್ಟುತ್ತದೆ. ಹಾಗಾದರೆ ರಾತ್ರಿಯೇ ಆಗಲಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಬರಬೇಕು. ಎರೆಯಲು ಬರುವ ಆಯಿಗೆ ಇವತ್ತೇ ಹೇಳಿ. ಮೇಲೆ ನೀರು ಹಾಕಿ ತೊಳೆದರೆ ಸಾಕು.

ಸದಸ್ಯೆ (ಗೋಕಾಕ): ನಮ್ಮ ಮನೆಯಲ್ಲಿ ಮೂರು ತಲೆಮಾರು ಹಿಂಗೇ ಎರೆದಿದ್ದಾರೆ ಮೇಡಂ. ಯಾರಿಗೂ ಏನೂ ಆಗಿಲ್ಲ.

ಡಾಕ್ಟರ್: ಆದವರು ನನ್ನ ಹತ್ತಿರ ಬರುತ್ತಾರೆ. ನಿಮಗೆ ಹೇಳುವುದಿಲ್ಲ.

ಸದಸ್ಯ (ಇಳಕಲ್): ಮೇಡಂ, ಮಗ ಹುಟ್ಟಿ 12 ದಿನ. ಮುಂದೊಗಲು ಮೇಲ್ಗಡೆ ಮಾತ್ರ ಇದೆ, ಕೆಳಗೆ ಇಲ್ಲ. ಮೂತ್ರ ಸ್ವಲ್ಪ ಕೆಳಗಿಂದ ಬರುತ್ತದೆ. ದೇವರೇ ಸುನ್ನತಿ ಮಾಡಿ ಕಳಿಸಿದ್ದಾನೆ ಅಂತ ಅಮ್ಮಿ ಖುಷಿಯಲ್ಲಿದ್ದಾರೆ. ಉಳಿದದ್ದನ್ನು 40ನೇ ದಿನ ತೆಗೆಸಿಬಿಡೋಣ ಅಂತ ಮಾವ ಹೇಳುತ್ತಾರೆ.

ಡಾಕ್ಟರ್: ತೆಗೆಸಬೇಡಿ. ಇದನ್ನು ಹೈಪೋಸ್ಪೇಡಿಯಸ್ ಅನ್ನುತ್ತೇವೆ. 200-300 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಅಪರೂಪ ಏನಲ್ಲ. ಮೂತ್ರದ ದಾರಿ ತುದಿವರೆಗೆ ಬಂದಿಲ್ಲ. ಅದನ್ನು ಸರಿಮಾಡುವಾಗ ನಮಗೆ ಬೇಕಾಗುವುದು ಆ ಮೇಲ್ಗಡೆಯ ಚರ್ಮವೇ. ಅದನ್ನೇ ಕತ್ತರಿಸಿ ಬಿಸಾಕಿದರೆ ಮುಂದಿನ ಆಪರೇಷನ್ ಬಹಳ ಕಷ್ಟ. 6 ತಿಂಗಳಿಂದ ಒಂದೂವರೆ ವರ್ಷದೊಳಗೆ ರಿಪೇರಿ ಮಾಡುತ್ತೇವೆ, ಮುಗಿದಾಗ ನೋಡಲು ಸುನ್ನತಿ ಆದ ಹಾಗೆಯೇ ಮಾಡಬಹುದು. ಅಮ್ಮಿಗೆ ಅದನ್ನು ಹೇಳಿ, ಅವರಿಗೂ ಸಮಾಧಾನ ಆಗುತ್ತದೆ. ಎರಡೂ ಬೀಜ ಕೆಳಗೆ ಇಳಿದಿವೆಯಾ ಅಂತ ಈ ವಾರವೇ ತೋರಿಸಿ. ಇಳಿಯದೇ ಇದ್ದರೆ ಬೇರೆ ಪರೀಕ್ಷೆ ಬೇಕು.

ಸದಸ್ಯ (ವಿಜಯಪುರ): ಲೇಸರ್ ಸುನ್ನತಿ ಒಳ್ಳೆಯದಾ, ಸ್ಟೇಪ್ಲರ್ ಒಳ್ಳೆಯದಾ? ಖರ್ಚು ಎಷ್ಟು? ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತಾ?

ಸದಸ್ಯೆ (ಸಿಂದಗಿ): ಮೇಡಂ, ನನಗೆ 8 ತಿಂಗಳು ತುಂಬಿದೆ. ಗಂಡಾದರೆ 7ನೇ ದಿನ ಅಕೀಕಾ (ಕೂಸು ಹುಟ್ಟಿದ್ದಕ್ಕೆ ಕುರ್ಬಾನಿ ಕೊಡುವ ಶಾಸ್ತ್ರ) ಜೊತೆ ಮನೆಯಲ್ಲೇ ಸುನ್ನತಿ ಮಾಡಿಸಬೇಕು ಅಂತ ಮಾತಾಗಿದೆ. ಮೊದಲಿಂದ ಮಾಡುವವರೇ ಬರುತ್ತಾರೆ. ನನಗೆ ಒಂದೇ ಹೆದರಿಕೆ. ನನ್ನ ತಮ್ಮನಿಗೆ ಸುನ್ನತಿ ಆದಾಗ ಎರಡು ದಿನ ರಕ್ತ ನಿಲ್ಲಲಿಲ್ಲವಂತೆ. ಈಗಲೂ ಅವನ ಮೊಣಕಾಲು ಆಗಾಗ ಬಾಯುತ್ತದೆ, ಹಲ್ಲು ತೆಗೆಸಿದಾಗ ಅಡ್ಮಿಟ್ ಮಾಡಿದ್ದರು. ಗಂಡನ ಕಡೆ ಯಾರಿಗೂ ಹೀಗಿಲ್ಲ, ಹಾಗಾಗಿ ಏನೂ ಆಗಲ್ಲ ಅಂತ ಹೇಳುತ್ತಾರೆ. ನಿಜವಾ?

ಡಾಕ್ಟರ್: ತಂಗಿ, ನೀವು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

ನಿಮ್ಮ ತಮ್ಮನಿಗೆ ಇರುವುದು ಹಿಮೋಫಿಲಿಯಾ ಆಗಿರಬಹುದು. ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಇದು ತಾಯಿಯಿಂದ ಗಂಡು ಮಗನಿಗೆ ಬರುತ್ತದೆ. ಗಂಡನ ಕಡೆ ಇಲ್ಲ ಅನ್ನುವುದಕ್ಕೆ ಇಲ್ಲಿ ಬೆಲೆಯೇ ಇಲ್ಲ, ನೋಡಬೇಕಾದದ್ದು ನಿಮ್ಮ ತವರಿನ ಕಡೆ. ತಮ್ಮನಿಗೆ ಅದು ನಿಮ್ಮ ತಾಯಿಯಿಂದ ಬಂದಿದ್ದರೆ, ನಿಮ್ಮಲ್ಲೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ನಿಮ್ಮಲ್ಲಿ ಇದ್ದರೆ, ಹುಟ್ಟುವ ಪ್ರತಿ ಗಂಡು ಕೂಸಿಗೂ ಅರ್ಧಕ್ಕರ್ಧ. ನಿಮಗೆ ಏನೂ ತೊಂದರೆ ಕಾಣದೇ ಇರಬಹುದು.

3 ಕೆಜಿ ಕೂಸಿನ ಮೈಯಲ್ಲಿ ಇರುವ ರಕ್ತವೇ ಸುಮಾರು 250 ಎಂಎಲ್. ಒಂದು ಸಣ್ಣ ಲೋಟದಷ್ಟು. ಬಟ್ಟೆಯಲ್ಲಿ ಸ್ವಲ್ಪಸ್ವಲ್ಪ ಒಸರುತ್ತಾ ಹೋದರೆ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬೂದಿ ಹಾಕಿ, ಅರಿಶಿನ ಹಾಕಿ, ಗಟ್ಟಿ ಕಟ್ಟಿ ನೋಡುವಷ್ಟರಲ್ಲಿ ಕೂಸು ಬಿಳಿಚಿರುತ್ತದೆ. ನಾನು ಇದನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮಾಡಬೇಕಾದದ್ದು. ತಮ್ಮನ ಹಳೆಯ ರಿಪೋರ್ಟ್ ಹುಡುಕಿ. ಇಲ್ಲದಿದ್ದರೆ ಅವರಿಗೆ ಫ್ಯಾಕ್ಟರ್ 8 ಮತ್ತು 9ರ (ರಕ್ತ ಹೆಪ್ಪುಗಟ್ಟಿಸುವ ಅಂಶಗಳ) ಪರೀಕ್ಷೆ ಮಾಡಿಸಿ, ಹೆರಿಗೆಗೆ ಮೊದಲೇ. ಹೆರಿಗೆ ಮಾಡಿಸುವ ಡಾಕ್ಟರಿಗೆ ಈ ವಿಷಯ ತಿಳಿಸಿ. ಕೂಸಿನ ತಲೆ ಹಿಡಿದು ಎಳೆಯಲು ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿದರೆ ತಲೆಯೊಳಗೆ ರಕ್ತ ಸೋರುವ ಅಪಾಯ ಇದೆ, ಅವರು ಅದನ್ನು ತಪ್ಪಿಸುತ್ತಾರೆ. ಕೂಸು ಹುಟ್ಟಿದ ಕೂಡಲೇ ಹೊಕ್ಕುಳ ಬಳ್ಳಿಯ ರಕ್ತದಿಂದಲೇ ಪರೀಕ್ಷೆಗೆ ಕಳಿಸಬಹುದು. ಫ್ಯಾಕ್ಟರ್ 9 ಎಲ್ಲ ಹಸುಗೂಸುಗಳಲ್ಲೂ ಕಡಿಮೆಯೇ ಇರುತ್ತದೆ, ಅದು ಸ್ವಲ್ಪ ಕಡಿಮೆ ಬಂದರೆ 6 ತಿಂಗಳಿಗೆ ಮತ್ತೆ ನೋಡಬೇಕು. ವಿಟಮಿನ್ ಕೆ ಬಿಡಿಸಬೇಡಿ, ಆದರೆ ಹೇಗೆ ಕೊಡಬೇಕು ಅಂತ ಡಾಕ್ಟರ್ ತೀರ್ಮಾನಿಸಲಿ. ಅದು ಕೊಟ್ಟರೆ ಹಿಮೋಫಿಲಿಯಾ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ರಿಪೋರ್ಟ್ ಬರುವವರೆಗೆ ಸುನ್ನತಿ ಇಲ್ಲ. 7ನೇ ದಿನ ಅಕೀಕಾ ಮಾಡಿ, ಹೆಸರಿಡಿ. ಹಿಮೋಫಿಲಿಯಾ ಇದೆ ಅಂತ ಬಂದರೂ ಸುನ್ನತಿ ಎಂದಿಗೂ ಆಗದು ಅಂತಲ್ಲ. ಮುಂದೆ ಆಸ್ಪತ್ರೆಯಲ್ಲಿ ಫ್ಯಾಕ್ಟರ್ ಕೊಟ್ಟು, ರಕ್ತದ ಕಾಯಿಲೆಯ ಡಾಕ್ಟರ್ ಜೊತೆಗಿದ್ದು ಮಾಡುತ್ತಾರೆ. ಧರ್ಮ ಏನು ಹೇಳುತ್ತದೆ ಅಂತ ಮನೆಯ ಹಿರಿಯರು ಕೇಳಬಹುದು, ನಿಮ್ಮ ಮೌಲಾನಾರನ್ನೇ ಕೇಳಿ. ಯಹೂದಿಗಳಲ್ಲೂ ಸುನ್ನತಿ ಕಡ್ಡಾಯ. ಅವರ ಧರ್ಮಗ್ರಂಥ ತಾಲ್ಮುಡ್‌ನಲ್ಲಿ, ಇಬ್ಬರು ಗಂಡು ಮಕ್ಕಳು ಸುನ್ನತಿಯಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ಮಾಡಬೇಡಿ ಅಂತ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆಯೇ ಬರೆದಿದ್ದಾರೆ. ಅಕ್ಕತಂಗಿಯರ ಮಕ್ಕಳಿಗೂ ಆ ಎಚ್ಚರಿಕೆ ಇದೆ.

ಒಂದು ಪ್ರಶ್ನೆ: ನಿಮ್ಮದು ಸಂಬಂಧದಲ್ಲೇ ಆದ ಮದುವೆಯಾ? ಹಾಗಿದ್ದರೆ ಬೇರೆ ಒಂದೆರಡು ರಕ್ತದ ಕಾಯಿಲೆಗಳನ್ನೂ ನೋಡಬೇಕು.

ಸದಸ್ಯ (ಬೆಳಗಾವಿ): ಇಷ್ಟೆಲ್ಲ ಅಪಾಯ ಇದ್ದರೂ ಯಾಕೆ ಮಾಡಿಸಬೇಕು? ಕೂಸಿನ ಒಪ್ಪಿಗೆ ಇಲ್ಲದೆ ಮೈ ಕತ್ತರಿಸುವುದು ತಪ್ಪು. ದೊಡ್ಡವನಾದ ಮೇಲೆ ಅವನೇ ತೀರ್ಮಾನಿಸಲಿ.

ಸದಸ್ಯ (ಜೋರಾಪುರ ಪೇಟೆ): ಅಣ್ಣಾ, ನಿಮ್ಮ ಮಗಳ ಕಿವಿ ಚುಚ್ಚಿಸುವಾಗ ಅವಳನ್ನು ಕೇಳಿದ್ದಿರಾ?

ಸದಸ್ಯ (ಬೆಳಗಾವಿ): ಕಿವಿಯ ತೂತು ಮುಚ್ಚಿಕೊಳ್ಳುತ್ತದೆ. ಎರಡೂ ಒಂದೇನಾ?

ಸದಸ್ಯ (ಜೋರಾಪುರ ಪೇಟೆ): ನಮಗೆ ಇದು ಸುಮ್ನೆ ಪದ್ಧತಿ ಅಲ್ಲ, ಇಬಾದತ್ (ದೇವರ ಆರಾಧನೆ). ನನ್ನ ಇಬ್ಬರು ಮಕ್ಕಳಿಗೂ ಆಸ್ಪತ್ರೆಯಲ್ಲೇ ಮಾಡಿಸಿದೆ. ಅಪಾಯ ಸುನ್ನತಿಯಲ್ಲಿಲ್ಲ, ಗೊತ್ತಿಲ್ಲದವರ ಕೈಯಲ್ಲಿದೆ.

ಸದಸ್ಯ (ಬಸವನ ಬಾಗೇವಾಡಿ): ವಿಶ್ವ ಆರೋಗ್ಯ ಸಂಸ್ಥೆಯೇ ಎಲ್ಲರೂ ಮಾಡಿಸಿಕೊಳ್ಳಿ, ಎಚ್‌ಐವಿ ಬರಲ್ಲ ಅಂದಿದೆ. ಬೆಳಗಾವಿಯವರು ಸ್ವಲ್ಪ ಓದಲಿ.

ಡಾಕ್ಟರ್: ಹಾಗೆ ಹೇಳಿಲ್ಲ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ಮಾಡಿದ ಮೂರು ಪರೀಕ್ಷೆಗಳಲ್ಲಿ, ಹೆಂಗಸರಿಂದ ಗಂಡಸರಿಗೆ ಎಚ್‌ಐವಿ ಹರಡುವುದು ಶೇ. 60ರಷ್ಟು ಕಡಿಮೆಯಾಯಿತು. ಅದನ್ನು ನೋಡಿ 2007ರಲ್ಲಿ, ಎಚ್‌ಐವಿ ಬಹಳ ಹರಡಿದ್ದ ಪ್ರದೇಶಗಳ ಗಂಡಸರಿಗೆ ಹೇಳಿದ ಮಾತು ಅದು. ಬರುವುದೇ ಇಲ್ಲ ಅಂತಲ್ಲ, ಕಾಂಡೋಮ್ ಬೇಕೇ ಬೇಕು. ನಮ್ಮ ಹಸುಗೂಸಿನ ತೀರ್ಮಾನಕ್ಕೆ ಇದನ್ನು ತರಬೇಡಿ.

ಸದಸ್ಯ (ಬೆಳಗಾವಿ): ನೋಡಿದಿರಾ? ಓದಬೇಕಾದವರು ಯಾರು ಅಂತ ಗೊತ್ತಾಯಿತು.

ಸದಸ್ಯ (ಬಸವನ ಬಾಗೇವಾಡಿ): ನೀವು ಡಾಕ್ಟರಾ? ಸುಮ್ಮನಿರಿ.

ಸದಸ್ಯೆ (ತಾಳಿಕೋಟಿ): ಮೇಡಂ, ನನಗೆ ಅವಳಿ ಗಂಡು ಮಕ್ಕಳು. ಒಬ್ಬನ ತೂಕ 1.9 ಕೆಜಿ. ಇಬ್ಬರಿಗೂ ಒಟ್ಟಿಗೆ ಮಾಡಿಸಬಹುದಾ?

ಸದಸ್ಯ (ಇಂಡಿ): ನಮ್ಮ ಅಜ್ಜ ಇದೇ ಕೆಲಸ ಮಾಡುತ್ತಿದ್ದರು. ಒಂದೇ ದಿನ ಹತ್ತು ಹುಡುಗರಿಗೆ ಮಾಡಿದ್ದಾರೆ. ಡಾಕ್ಟರುಗಳು ದುಡ್ಡಿಗಾಗಿ ಹೆದರಿಸುತ್ತಾರೆ ಅಷ್ಟೇ.

ಡಾಕ್ಟರ್: ನಿಮ್ಮ ಅಜ್ಜನವರ ಕೈಚಳಕದ ಬಗ್ಗೆ ನಾನು ಮಾತಾಡುವುದಿಲ್ಲ. ಒಂದೇ ಬ್ಲೇಡು ಹತ್ತು ಹುಡುಗರಿಗೆ ಅಂದರೆ ಒಬ್ಬನ ಹೆಪಟೈಟಿಸ್ ಬಿ ಇನ್ನೊಬ್ಬನಿಗೆ. ಗಾಯದ ಮೇಲೆ ಬೂದಿ ಅಂದರೆ ಧನುರ್ವಾಯುವಿಗೆ ದಾರಿ. ಆಸ್ಪತ್ರೆ ಅಂದ ಮಾತ್ರಕ್ಕೂ ಕಣ್ಣು ಮುಚ್ಚಿ ಹೋಗಬೇಡಿ. ಲೋಹದ ಕ್ಲ್ಯಾಂಪ್ ಹಾಕಿ ಅದಕ್ಕೆ ಕರೆಂಟಿನ ಕಾಟರಿ (ಸುಟ್ಟು ಕತ್ತರಿಸುವ, ರಕ್ತ ನಿಲ್ಲಿಸುವ ಸಾಧನ) ಮುಟ್ಟಿಸಿದರೆ ಇಡೀ ಅಂಗವೇ ಸುಟ್ಟುಹೋಗಬಹುದು. ಲೇಸರ್ ಅಂತ ಬೋರ್ಡ್ ನೋಡಿ ಹೋಗುವವರು, ಮಾಡುವವರು ಯಾರು, ಅರಿವಳಿಕೆ ಕೊಡುವವರು ಯಾರು ಅಂತ ಮೊದಲು ಕೇಳಿ. ಮತ್ತೆ ದುಡ್ಡಿನ ಮಾತು. ಇಲ್ಲಿ ಈಗಾಗಲೇ ಕೆಲವರಿಗೆ ಆಪರೇಷನ್ ಬೇಡ, ಕೆಲವರಿಗೆ ಈಗ ಬೇಡ ಅಂತ ಹೇಳಿದ್ದೇನೆ.

ಸದಸ್ಯೆ (ವಿಜಯಪುರ): ಮೇಡಂ, 4 ದಿನದ ಹಿಂದೆ ಕೂಸಿಗೆ ಪ್ಲಾಸ್ಟಿಕ್ ಉಂಗುರ ಹಾಕಿ ಸುನ್ನತಿ ಮಾಡಿದ್ದಾರೆ. ಹಳದಿ ಪದರ ಬಂದಿದೆ. ಕೀವಾ? ನೆರೆಮನೆಯವರು ಬೆಳ್ಳುಳ್ಳಿ ಎಣ್ಣೆ ಹಚ್ಚಿ ಅಂದರು.

ಡಾಕ್ಟರ್: ಹಳದಿ ಪದರ ಗಾಯ ಮಾಯುವ ಗುರುತು, ಒರೆಸಬೇಡಿ. ಉಂಗುರ 5ರಿಂದ 10 ದಿನದಲ್ಲಿ ತಾನೇ ಬೀಳುತ್ತದೆ, ಎಳೆಯಬೇಡಿ. 10 ದಿನ ದಾಟಿದರೆ, ಉಂಗುರ ಹಿಂದಕ್ಕೆ ಜಾರಿದರೆ, ಜ್ವರ ಬಂದರೆ, ಕೆಂಪು ಹೊಟ್ಟೆಯ ಕಡೆ ಹರಡಿದರೆ, 8 ಗಂಟೆ ಮೂತ್ರ ಮಾಡದಿದ್ದರೆ ಬನ್ನಿ. ಬೆಳ್ಳುಳ್ಳಿ ಅಡುಗೆಮನೆಯಲ್ಲಿರಲಿ.

ಸದಸ್ಯ (ಹುನಗುಂದ): ಚರ್ಮ ಹಿಂದೆ ಸರಿಯದಿದ್ದರೆ ಯಾವ ಎಣ್ಣೆ ಒಳ್ಳೆಯದು ಮೇಡಂ?

ಡಾಕ್ಟರ್: ಯಾವುದೂ ಅಲ್ಲ.

ಸದಸ್ಯೆ (ಗೋಕಾಕ): ಎಲ್ಲದಕ್ಕೂ ಬೇಡ ಬೇಡ ಅಂದರೆ ಕೇಳುವುದಾದರೂ ಯಾಕೆ?

ಸದಸ್ಯ (ಬೆಳಗಾವಿ): ಬಾಗೇವಾಡಿಯವರೇ, ಮೊದಲು ಕ್ಷಮೆ ಕೇಳಿ.

ಸದಸ್ಯ (ಬಸವನ ಬಾಗೇವಾಡಿ): ಯಾಕೆ ಕೇಳಲಿ?

ಅಡ್ಮಿನ್: ಇಬ್ಬರ ಮೆಸೇಜೂ ನಾಳೆವರೆಗೆ ಬಂದ್. ಸಾಕು.

ಸದಸ್ಯೆ (ಸಿಂದಗಿ): ಮೇಡಂ, ಅತ್ತೆಯವರಿಗೆ ಓದಿ ಹೇಳಿದೆ. ಹೌದು, ಮದುವೆ ಸಂಬಂಧದಲ್ಲೇ, ನನ್ನ ಖಾಲಾನ ಮಗ. ತಮ್ಮನ ರಿಪೋರ್ಟ್ ಸಿಗಲಿಲ್ಲ. ಮಾಡುವವರಿಗೆ ಮಾತು ಕೊಟ್ಟಾಗಿದೆ, ಈಗ ಬೇಡ ಅಂದರೆ ಹೇಗೆ ಅಂತ ಮಾವ ಬೇಸರ ಮಾಡಿಕೊಂಡಿದ್ದಾರೆ.

ಡಾಕ್ಟರ್: ಖಾಲಾ ಅಂದರೆ ನಿಮ್ಮ ತಾಯಿಯ ಅಕ್ಕನೋ ತಂಗಿಯೋ. ಹಾಗಾದರೆ ನಿಮ್ಮ ಅತ್ತೆಯೂ ಅದೇ ತವರಿನವರು. ಅವರ ಅಣ್ಣತಮ್ಮಂದಿರಲ್ಲಿ, ಗಂಡು ಮಕ್ಕಳಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಿದ್ದಾರಾ ಅಂತ ಅತ್ತೆಯನ್ನೇ ಕೇಳಿ. ಅವರಿಗೆ ಗೊತ್ತಿರುತ್ತದೆ. ತಮ್ಮನನ್ನು ಕರೆದುಕೊಂಡು ಸೋಮವಾರ ಒಪಿಡಿಗೆ ಬನ್ನಿ, ಮಾವನವರೂ ಬರಲಿ. ಸುನ್ನತಿ ಮಾಡುವವರನ್ನೂ ಕರೆತನ್ನಿ, ಅವರೊಂದಿಗೆ ನಾನೇ ಮಾತಾಡುತ್ತೇನೆ. ತಮ್ಮನಿಗೆ ಅಲ್ಲಿಯವರೆಗೆ ಆಸ್ಪಿರಿನ್ ಮಾತ್ರೆ, ನೋವಿನ ಇಂಜೆಕ್ಷನ್ ಯಾವುದೂ ಬೇಡ.